ನಾವಿಲ್ಲದೆಯೂ ಸುಖವಾಗಿರುವ ನಮ್ಮ ಮನೆ

ಗದಗ, ಫೆಬ್ರವರಿ ಮೂವತ್ತೊಂದು, ೨೨೪೭

ಹಿಂದೆ ಬಾಳಿದ, ಮುಂದೆ ಬಾಳಲಿರುವ ಸಮಸ್ತ ಜನತೆಗೆ ಈ ಮೂಲಕ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ, ಏಳು ತಿಂಗಳ ಮಾತುಕತೆ ಮತ್ತು ಮೂವರು ಹಿರಿಯರ ಮಧ್ಯಸ್ಥಿಕೆಯ ಫಲವಾಗಿ, ನಮ್ಮ ಮನೆಯ ಒಗ್ಗರಣೆ ಸೌಟು ಇನ್ನು ಮುಂದೆ ನನಗೇ ಸೇರತಕ್ಕದ್ದು. ನನ್ನ ಗಂಡ ಇಂದುಧರ ಸಹಿ ಹಾಕಿದ್ದಾರೆ. ಸೌಟು ಮಾತ್ರ ಮನೆಯೊಳಗಿದೆ. ನಾವಿಬ್ಬರೂ ಹೊರಗಿದ್ದೇವೆ.

ಆ ಮನೆಯನ್ನು ನಿಮ್ಮ ಕಾಲದಲ್ಲಿ ಇದೀಗ ಕಟ್ಟಿಸುತ್ತಿರುವ ಹಿರಿಯರೇ, ನೀಲಗಂಗಾಳ ಶರಣು. ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರವರಿಗೆ ನಾವು ಕೆಲವು ದಿನ ಸೇರಿಸಿಕೊಂಡಿದ್ದೇವೆ, ಅದರಿಂದ ಯಾರಿಗೂ ಉಪಕಾರವಾಗಿಲ್ಲ. ನಡುವೆ ನಿಮಗೆ ಒಗ್ಗದ ಪದಗಳು ಬಂದರೆ ಕ್ಷಮಿಸಿ. ಈ ಕಾಗದ ಹಿಂದಕ್ಕೆ ಹೇಗೆ ಬಂತೆಂದೂ ಕೇಳಬೇಡಿ, ಅಂಚೆಯವರೇ ಕೇಳಲಿಲ್ಲ.

ನೀವು ಕಟ್ಟಿದ ಗೋಡೆಗಳಿಗೆ ನಮ್ಮ ಕಾಲದವರು ದನಿಗಾರೆ ಬಳಿದಿದ್ದಾರೆ. ಅದು ಮಾತು ಹಿಡಿದಿಟ್ಟುಕೊಳ್ಳುವ ಗಾರೆ. ಈಗ ಕೀಲಿಗಳಿಲ್ಲ, ಮನೆ ಒಡೆಯರ ದನಿ ಗುರುತಿಸಿ ಬಾಗಿಲು ತೆರೆಯುತ್ತದೆ. ಗೃಹಪ್ರವೇಶದ ದಿನ ಗಂಡ ಹೆಂಡತಿ ಒಂದೇ ಉಸಿರಿಗೆ ತಮ್ಮ ಹೆಸರು ಹೇಳಬೇಕು, ಆಮೇಲೆ ಒಬ್ಬೊಬ್ಬರೇ ನಿಂತು ಮತ್ತೊಮ್ಮೆ ಹೇಳಬೇಕು. ಮೊದಲನೆಯದನ್ನು ಮಾಡಿದೆವು. ಅಷ್ಟರಲ್ಲಿ ಎಲೆ ಹಾಕಿದರು, ಹೋಳಿಗೆ ಆರುತ್ತಿತ್ತು, ಇಂದುಧರರ ಸೋದರಮಾವ “ಉಳಿದದ್ದು ಉಂಡ್ ಮ್ಯಾಲ ಹೇಳ್ರೆಲಾ, ಮನಿ ಎಲ್ಲಿ ಓಡಿ ಹೋಗತೈತಿ?” ಎಂದರು. ಉಂಡ ಮೇಲೆ ಎಲ್ಲರೂ ಮಲಗಿದೆವು. ಹೀಗಾಗಿ ಮನೆಗೆ ನಾನೂ ಗೊತ್ತಿಲ್ಲ, ಅವರೂ ಗೊತ್ತಿಲ್ಲ. ನಮ್ಮಿಬ್ಬರನ್ನು ಸೇರಿಸಿದ ಒಬ್ಬ ವ್ಯಕ್ತಿ ಮಾತ್ರ ಗೊತ್ತು.

ಹನ್ನೆರಡು ವರ್ಷದ ಮೇಲೆ ಬೇರೆಯಾದೆವು. ಬಟ್ಟೆಬರೆ ಒಯ್ಯಲು ಬಂದಾಗಲೆಲ್ಲ ಇಬ್ಬರೂ ಹೊಸ್ತಿಲಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಪ್ರಾರ್ಥನೆಯಂತೆ ಒಟ್ಟಿಗೆ ಹೆಸರು ಹೇಳುತ್ತಿದ್ದೆವು. ಒಂದು ದಿನ ಅವರು ಬರುವುದು ತಡವಾಯಿತು. ನಾನೊಬ್ಬಳೇ ಹೇಳಿದೆ. ಅವರ ಪಾಲಿನ ದನಿಯನ್ನು ಗೋಡೆ ತಾನೇ ಹೇಳಿ ಬಾಗಿಲು ತೆರೆಯಿತು. ಹೆದರಬೇಕಿತ್ತು, ನನಗೆ ಹಾಯೆನಿಸಿತು. ಮರುವಾರ ಅವರಿಗೆ ನನ್ನ ದನಿ ಸಿಕ್ಕಿತು, ಅವರೂ ಹಾಯಾಗಿ ಒಳಗೆ ಹೋದರು. ಮುಖ ನೋಡುವ ಕಷ್ಟ ತಪ್ಪಿತೆಂದು ಇಬ್ಬರೂ ಸುಮ್ಮನಿದ್ದೆವು. ಮನೆ ಮಾತ್ರ ಸುಮ್ಮನಿರಲಿಲ್ಲ, ಕಲಿಯುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಸಾಸಿವೆ ಸಿಡಿಯುವ ಸದ್ದು ಕೇಳಿತು. ಆಮೇಲೆ ನನ್ನದೇ ನಗು. ಅಂದಿನಿಂದ ಬಾಗಿಲು ನಮಗೆ ತೆರೆದಿಲ್ಲ.

ನಮ್ಮಲ್ಲಿ ಜಂಟಿ ಮನೆ ಬಿಡಬೇಕಾದರೆ ಇಬ್ಬರೂ ಪಡಸಾಲೆಯಲ್ಲಿ ನಿಂತು ತಂತಮ್ಮ ದನಿಯಲ್ಲಿ ಬಿಡುಗಡೆ ಮಾತು ಹೇಳಬೇಕು. ಅದಾಗುವ ತನಕ ಊರಿನ ಬೇರಾವ ಬಾಗಿಲೂ ನಮ್ಮನ್ನು ಒಪ್ಪುವುದಿಲ್ಲ. ಬಿಡುಗಡೆ ಕಚೇರಿಯ ಗುಮಾಸ್ತ ಫಕೀರೇಶಪ್ಪನವರನ್ನು ಕರೆತಂದೆವು. ಅವರು ಬಾಗಿಲು ಬಡಿದರು. ಒಳಗಿನಿಂದ ನನ್ನ ದನಿ, ನಾನೆಂದೂ ಆಡದಷ್ಟು ಸವಿಯಾಗಿ: “ಬರ್ರೀ ಅಣ್ಣಾರ, ಚಾ ಕುಡದು ಹೋಗ್ರಿ.” ಹಿಂದೆಯೇ ಇಂದುಧರರ ದನಿ: “ಯಾರ ನೀಲಾ, ಬಂದವರು?” ಈ ಮನುಷ್ಯ ಎಂಟು ವರ್ಷದಿಂದ ನನ್ನನ್ನು ನೀಲಾ ಎಂದಿರಲಿಲ್ಲ.

ಫಕೀರೇಶಪ್ಪ ನಮ್ಮತ್ತ ತಿರುಗಿದರು. “ಒಳಗ ಗಂಡ ಹೆಂಡ್ತಿ ಛಂದಾಗಿ ಅದಾರ. ನೀವ್ಯಾರ್ರಿ?”

“ನಾವ ರೀ ಅವರು!” ಎಂದೆವು. ಎಷ್ಟೋ ವರ್ಷಗಳ ಮೇಲೆ ಮನಸಾರೆ, ಒಂದೇ ಉಸಿರಿಗೆ. ಬಾಗಿಲು ಅಲುಗಲಿಲ್ಲ. ಒಳಗಿನ ನಾನು ಒಳಗಿನ ಅವರಿಗೆ ಮೆಲ್ಲಗೆ ಹೇಳಿದೆ: “ಯಾರೋ ನಮ್ಮಂಗ ಮಾತಾಡಾಕತ್ತಾರ. ಚಿಲಕಾ ಹಾಕ್ರಿ.”

ಗುಮಾಸ್ತರು ದಾಂಪತ್ಯ ಸುಖಮಯವೆಂದು ಬರೆದುಕೊಂಡು ಹೋದರು. ಅಂದು ಸಂಜೆ ಅವ್ವನ ಮನೆಗೆ ಹೋದೆ. ಅವಳು ಬಾಗಿಲ ಆಚೆಯಿಂದಲೇ ಕೇಳಿದಳು: “ನನ್ನ ಮಗಳು ಈಗಷ್ಟ ಫೋನಿನ್ಯಾಗ ಮಾತಾಡ್ಯಾಳ. ನೀ ಯಾರವಾ?” ಉತ್ತರ ಕೊಡಲು ಬಾಯಿ ತೆರೆದೆ. ನನ್ನ ದನಿ ನನಗೇ ಸ್ವಲ್ಪ ಒರಟಾಗಿ ಕೇಳಿಸಿತು, ಯಾರದೋ ಅನುಕರಣೆಯಂತೆ.

ಈಗ ಇಂದುಧರರೂ ನಾನೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತೇವೆ. ನಮ್ಮನ್ನು ನಾವೆಂದು ನಂಬುವವರು ಬೇರೆ ಯಾರೂ ಉಳಿದಿಲ್ಲ. ಕೂಡಿ ಬಾಳುವ ಆಸೆ ಇಬ್ಬರಿಗೂ ಇಲ್ಲ, ಗಾಬರಿ ಬೇಡ. ಒಳಗೆ ಹೋಗಿ, ಬಿಡುಗಡೆ ಮಾತು ಹೇಳಿ, ಬೇರೆ ಬೇರೆ ದಿಕ್ಕಿಗೆ ನಡೆದರೆ ಸಾಕು. ಮನೆಯ ಸುತ್ತ ಹುಡುಕಿ ಒಂದು ದಾರಿ ಕಂಡುಕೊಂಡಿದ್ದೇವೆ. ಬಚ್ಚಲಿನಲ್ಲಿ ನೀರಿನ ಪಸೆಗೆ ದನಿಗಾರೆ ಹಿಡಿದಿಲ್ಲ. ಅಲ್ಲಿ ಮಾತ್ರ ಮನೆಗೆ ಕಿವಿಯಿಲ್ಲ. ಆದರೆ ಅದರ ಕಿಟಕಿಯಲ್ಲಿ ನಾನು ತೂರುತ್ತೇನೆ, ಇಂದುಧರರು ಹೊಟ್ಟೆಯ ಹತ್ತಿರ ಸಿಕ್ಕಿಕೊಳ್ಳುತ್ತಾರೆ.

ಆದ್ದರಿಂದ ಹಿರಿಯರೇ, ಗೌಂಡಿ ಇನ್ನೂ ಅಲ್ಲೇ ಇದ್ದರೆ, ಬಚ್ಚಲ ಕಿಟಕಿಯನ್ನು ಒಂದು ಗೇಣು ಹೆಚ್ಚು ಅಗಲ ಇಡಲು ಹೇಳಿ. ಸರಳು ಕೂರಿಸಬೇಡಿ.