ಪ್ರಿಜ್ರೆನ್ ಸಂತೆಯಲ್ಲಿ ಅಮ್ಮ

ಸಬೀಹಾ ಅಕ್ಕಾ,

ಇವತ್ತು ಪ್ರಿಜ್ರೆನ್ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದ ಅಮ್ಮ ಎದೆ ಹಿಡಿದು ಕುಸಿದಳು. "ರಾಸೆಮಾ, ಉಸಿರು ಕಟ್ತಿದೆ ಕಣೇ, ಯಾರನ್ನಾದ್ರೂ ಕರಿಯೇ!" ಎಂದು ನಮ್ಮ ಭಾಷೆಯಲ್ಲೇ ಕೂಗಿದಳು. ಜನ ತಿರುಗಿ ನೋಡಿದರು. ಯುದ್ಧ ಮುಗಿದು ನೀನು ಕೊಸೊವೊ ಬಿಟ್ಟ ಮೇಲೆ ನಾವು ಬೀದಿಯಲ್ಲಿ ಬಾಯಿ ಬಿಡುವುದಿಲ್ಲ; ನಾವು ಬೋಸ್ನಿಯಾಕರು ಅಂದರೆ ಕೇಳುವವರಿಲ್ಲ, ಸರ್ಬರ ಮಾತಿನಂತೆಯೇ ಇರುವ ನಮ್ಮ ಮಾತು ಕಿವಿಗೆ ಬಿದ್ದರೆ ಅಲ್ಬೇನಿಯನ್ನರು ಸರ್ಬರೆಂದೇ ಬಡಿಯುತ್ತಾರೆ. ನಾನು ಅಮ್ಮನ ಬಾಯಿಗೆ ಕೈ ಒತ್ತಿ ಹಿಡಿದು, "ಸುಮ್ನಿರಮ್ಮಾ, ನಿನ್ ದಮ್ಮಯ್ಯ" ಎಂದು ಕಿವಿಯಲ್ಲಿ ಬೇಡಿಕೊಂಡೆ.

ಮೆಣಸಿನಕಾಯಿ ಮಾರುವ ಅಲ್ಬೇನಿಯನ್ ಮುದುಕಿ ಓಡಿಬಂದು, ನಮ್ಮ ಭಾಷೆಯಲ್ಲೇ "ಕೈ ತೆಗಿಯೇ ಹುಚ್ಚಿ, ಗಾಳಿ ಬೇಕು ಅವಳಿಗೆ!" ಎಂದು ನನ್ನನ್ನು ದಬ್ಬಿದಳು. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಇದನ್ನು ನಿನಗೆ ಕಳಿಸಲಾರೆ. ನಾಳೆ ಬೇರೆ ಕಾಗದ ಬರೆಯುತ್ತೇನೆ, ಕಲಿಮಾ ಹೇಳುತ್ತಲೇ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು ಅಂತ.