ನನ್ನ ಒಂದು ಮೊಳ

ಮಾರ್ಚ್ ೧೪

ನನ್ನ ಮುದ್ದಿನ ಪುಟ್ಟಿಗೆ,

ಅಕ್ಕನ ಆಶೀರ್ವಾದ. ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಆರಾಮಾಗಿದ್ದೀರಿ ತಾನೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತೆ. ಬೈದುಕೊಂಡಿರುತ್ತೀಯ, ಬೈಯಿ, ತಪ್ಪು ನನ್ನದೇ. ಆದರೆ ಮೊದಲು ಸುದ್ದಿ ಕೇಳು: ನಿನ್ನ ಅಕ್ಕ ಗೆದ್ದಳು ಕಣೇ! ಸರ್ಕಾರದ ಸಹಾಯಧನದ ಪಟ್ಟಿಯಲ್ಲಿ ಅಪ್ಪನ ಹೊಲದ ಎದುರಿಗೆ ಬೆಳೆಗಾರಳೆಂದು ಈಗ ನನ್ನ ಹೆಸರಿದೆ.

ಇಷ್ಟು ವರ್ಷ ಅಲ್ಲಿದ್ದದ್ದು ಅಣ್ಣನ ಹೆಸರು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ಉತ್ತವಳು, ಬಿತ್ತಿದವಳು ನಾನು. ಅವನೋ ಪೇಟೆಯ ಬಟ್ಟೆ ಅಂಗಡಿಯಲ್ಲಿ ಫ್ಯಾನಿನ ಕೆಳಗೆ. ಹಣ ಬಂದಾಗ ಬೀಜಕ್ಕೆಂದು ಒಂದಿಷ್ಟು ನನ್ನ ಕೈಗಿಟ್ಟು, ದಾನ ಮಾಡಿದವನ ಹಾಗೆ ಮುಖ ಮಾಡುತ್ತಿದ್ದ. ಸಹಾಯಧನ ಹೊಲದಲ್ಲಿ ದುಡಿಯುವವರಿಗೇ ಸೇರಬೇಕೆಂಬ ನಿಯಮವಿದೆ ಎಂದು ಗೊಬ್ಬರದಂಗಡಿಯಾಕೆ ಹೇಳಿದ ದಿನವೇ ಅರ್ಜಿ ಹಾಕಿದೆ.

ಎರಡು ತಿಂಗಳ ಹಿಂದೆ ಕೃಷಿ ಕಚೇರಿಯ ಸಾಹೇಬರು ತನಿಖೆಗೆ ಬಂದರು. ಅಣ್ಣನೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಾಜರ್.

"ಆಲೂಗಡ್ಡೆ ನೆಟ್ಟಿದ್ದು ಯಾರು?" ಎಂದು ಸಾಹೇಬರು ಕೇಳಿದರು.

"ನಾನೇ ಸಾರ್. ಇವಳು ಸುಮ್ನೆ ಬುತ್ತಿ ತರ್ತಾಳೆ ಅಷ್ಟೆ," ಎಂದ ಅಣ್ಣ. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾಲಿಗೂ ಸಾಲಿಗೂ ಎಷ್ಟು ಜಾಗ ಬಿಟ್ಟಿದ್ದೀರಿ?"

"ಎರಡು ಅಡಿ ಸಾರ್."

ಸಾಹೇಬರು ಟೇಪು ಹಿಡಿದರು. ಹದಿನೇಳು ಇಂಚು. ಇನ್ನೊಂದು ಕಡೆ ಹಿಡಿದರು, ಅಲ್ಲೂ ಹದಿನೇಳೇ. "ಇದ್ಯಾವ ಅಳತೆ?" ಎಂದು ತಲೆ ಕೆರೆದುಕೊಂಡರು. ನಾನು ಮುಂದೆ ಬಂದೆ. ಮಂಡಿಯೂರಿ ಒಂದು ಸಾಲಿನ ಮೇಲೆ ಮೊಣಕೈ ಇಟ್ಟು ಕೈ ಚಾಚಿದೆ. ಬೆರಳ ತುದಿ ಸರಿಯಾಗಿ ಪಕ್ಕದ ಸಾಲಿಗೆ ಮುಟ್ಟಿತು. ಮೊಳ ಹಾಕಿ ನೆಡುವುದನ್ನು ಅಪ್ಪ ನನಗೆ ಕಲಿಸಿದ್ದು ನಿನಗೂ ನೆನಪಿದೆಯಲ್ಲ? ಅಣ್ಣನೂ ಬಿಡಲಿಲ್ಲ, ಮಂಡಿಯೂರಿದ. ಅವನ ಕೈ ಗಿಡವನ್ನು ದಾಟಿ ಆಚೆ ಹೋಯಿತು. ಆಗಷ್ಟೇ ನೀರು ಹಾಯಿಸಿದ್ದೆ ನೋಡು, ಬಿಳಿ ತೋಳೆಲ್ಲ ಕೆಸರು! ಸಾಹೇಬರು ನಕ್ಕೇಬಿಟ್ಟರು. "ಹೊಲಾನೇ ಸಾಕ್ಷಿ ಹೇಳ್ತಿದೆಯಮ್ಮಾ, ಇನ್ನೇನು ಬೇಕು?" ಎಂದರು.

ಮೊದಲ ಕಂತು ನನ್ನ ಖಾತೆಗೆ ಬಂದ ದಿನ ಮೊಣಕಾಲುದ್ದದ ಕೆಂಪು ಬೂಟು ಕೊಂಡೆ. ಈ ವಯಸ್ಸಿಗೆ ಕೆಂಪೇ ಎಂದು ನಗಬೇಡ. ಅದನ್ನು ಹಾಕಿಕೊಂಡು ಅಣ್ಣನ ಅಂಗಡಿ ಮುಂದೆ ಬೇಕೆಂದೇ ಎರಡು ಸಲ ಓಡಾಡಿದೆ.

ಮಕ್ಕಳಿಗೆ ಮುತ್ತು. ನಿನ್ನ ಸೊಂಟನೋವು ಬೇಗ ವಾಸಿಯಾಗಲಿ. ನೂರು ಕಾಲ ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ತಡವಾದದ್ದು ಕೆಲಸದಿಂದಲ್ಲ ಪುಟ್ಟಿ. ಅಂದು ಸಾಹೇಬರು ಹಳೆಯ ಕಡತ ತೋರಿಸಿದರು. ಅಪ್ಪ ಹೋದ ಎರಡನೇ ವರ್ಷ ಅಣ್ಣ ಹಾಕಿದ ಅರ್ಜಿ. "ನನ್ನ ದೊಡ್ಡ ತಂಗಿ ವ್ಯವಸಾಯ ಮಾಡುವುದಿಲ್ಲ" ಎಂದು ಅದರಲ್ಲಿ ಬರೆದಿದ್ದಾನೆ. ಕೆಳಗೆ ಸಾಕ್ಷಿಯ ಸಹಿ ನಿನ್ನದು. ಆ ಸಹಿ ಹಾಕಲು ಸ್ಲೇಟಿನ ಮೇಲೆ ಕೈ ಹಿಡಿದು ಕಲಿಸಿದವಳು ನಾನು. ಆ ವರ್ಷವೂ ನಿನಗೊಂದು ಚೀಲ ಆಲೂಗಡ್ಡೆ ಕಳಿಸಿದ್ದೆ. "ಅಕ್ಕಾ, ನೀನು ಬೆಳೆದದ್ದರ ರುಚಿಯೇ ಬೇರೆ" ಎಂದು ನೀನು ಬರೆದ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಈ ವರ್ಷದ ಚೀಲವನ್ನೂ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ಕಳಿಸಲೋ ಬೇಡವೋ, ನೀನೇ ಬರೆ.