ಬಂಡೆಯ ಮುಂದೆ ಎತ್ತಿದ ಕೈ

ಆನೆಗೊಂದಿ ರಸ್ತೆ, ನಮ್ಮ ಕೇರಿ
18-11-2024

ಫಕೀರಮ್ಮನಿಗೆ,

ಕುಷ್ಟಗಿಯ ತವರಿನಲ್ಲಿ ಚೆನ್ನಾಗಿದ್ದೀ ಎಂದುಕೊಂಡೇ ಬರೆಯುತ್ತಿದ್ದೇನೆ. ಫೋನ್ ನೀನು ಎತ್ತುವುದಿಲ್ಲ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ ನೋಡು.

ಸೈಕಲ್ ಮೇಲೆ ಬಾಳೆಗೊನೆ ಮಾರಿ ಅಂಗಡಿ ಕಟ್ಟಿದ ನನಗೆ ಈಗ ಬೆಳಗ್ಗೆ ಇನ್ನೊಂದು ಕೆಲಸ. ಪುಕ್ಕಟೆ ಟಿಕೆಟ್ಟಿನ ಹೆಂಗಸರಷ್ಟೇ ನಿಂತಿದ್ದರೆ ನಮ್ಮ ಕೇರಿಯಲ್ಲಿ ಬಸ್ಸು ನಿಲ್ಲುವುದಿಲ್ಲ. ಅದಕ್ಕೆ ಅವರು ದೊಡ್ಡ ಬಂಡೆಯ ಹಿಂದೆ ಕೂಡುತ್ತಾರೆ, ನಾನೊಬ್ಬನೇ ಮುಂದೆ ನಿಂತು ಕೈ ಎತ್ತುತ್ತೇನೆ. ಭತ್ತದ ಗದ್ದೆಯ ಮಂಜಿನಲ್ಲಿ ಎರಡು ದೀಪ ತೇಲುತ್ತ ಬರುತ್ತವೆ, ಹೊಳೆಯೇ ಎದ್ದು ದಾರಿ ಹಿಡಿದಂತೆ. ಬಸ್ಸು ನಿಂತಿತೋ, ಬಂಡೆಯೇ ಹೆತ್ತಂತೆ ಹನ್ನೊಂದು ಹೆಂಗಸರು ಹೊರಬರುತ್ತಾರೆ. ನಾನು ಮಾತ್ರ ಹತ್ತುವುದಿಲ್ಲ.

ಹೋದ ವಾರ ಸಿದ್ದೇಶ ಎಂಬ ಸಾಹೇಬರು ಬಂದಿದ್ದರು, ಬಡವರ ಕೇರಿಗಳಿಗೆ ಬಸ್ಸು ಎಷ್ಟು ಆಸರೆ ಎಂದು ಸಮೀಕ್ಷೆ ಮಾಡಲು. ಮೂರು ದಿನ ನೋಡಿ, "ಯಜಮಾನ್ರ, ದಿನಾ ಕೈ ಎತ್ತತೀರಿ, ಹತ್ತಂಗಿಲ್ಲ. ಎಲ್ಲಿಗೆ ಹೋಗಬೇಕ್ರಿ ನೀವು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಹುಲಿಗವ್ವ, "ಅವರು ಎಲ್ಲಿಗೂ ಹೋಗಂಗಿಲ್ಲ, ಬರಕೋರಿ" ಎಂದಳು. ಎಲ್ಲರೂ ನಕ್ಕರು.

ಆ ಮಾತು ನನ್ನದೇ. ನಾಲ್ಕು ವರ್ಷದ ಹಿಂದೆ ಹೀಗೇ ಕೇಳಲು ಬಂದವರಿಗೆ, "ನಮ್ಮ ಹೆಣ್ಣಮಕ್ಕಳು ಎಲ್ಲಿಗೂ ಹೋಗಂಗಿಲ್ರಿ" ಎಂದು ಠೀವಿಯಿಂದ ಬರೆಸಿದ್ದೆ. ಬಾಗಿಲ ಹಿಂದೆ ನೀನಿದ್ದೆ, ಗಂಗಾವತಿಯ ಹಾಸ್ಟೆಲಿನಲ್ಲಿ ಅಡಿಗೆ ಕೆಲಸ ಸಿಕ್ಕ ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು. ಹತ್ತುವವರಿಲ್ಲವೆಂದು ಕೇರಿಯ ನಿಲ್ದಾಣ ಊರ ಮುಂದಕ್ಕೆ ಹೋಯಿತು. ಎರಡು ಮೈಲಿ ನಡೆದು, ಬಸ್ಸು ತಪ್ಪಿ ತಪ್ಪಿ, ನಿನ್ನ ಕೆಲಸ ಹೋಯಿತು. ಆಮೇಲೆ ಈ ಗಂಡನನ್ನು ಬಿಟ್ಟು ನೀನೂ ಹೋದೆ.

ಸಾಹೇಬರ ಹಾಳೆಯಲ್ಲಿ ಬಸ್ಸು ಹತ್ತಿದವರಿಗೆ ಕಲಂ ಇದೆ, ಹತ್ತಲಾಗದೆ ಹೋದವರಿಗಿಲ್ಲ. ಅಂಚಿನಲ್ಲಿ ನಿನ್ನ ಹೆಸರು ಬರೆಸಿದೆ. ಕಾರಣ ಕೇಳಿದರು. "ನಾನ್ರೀ" ಎಂದೆ.

ನಿಲ್ದಾಣ ಮತ್ತೆ ಕೇರಿಗೆ ಬರುತ್ತದೋ ಇಲ್ಲವೋ ತಿಳಿಯದು. ಹಾಸ್ಟೆಲಿಗೆ ಮತ್ತೆ ಅಡಿಗೆಯವರು ಬೇಕಂತೆ. ಬಂಡೆಯ ಹಿಂದೆ ಇನ್ನೊಬ್ಬರಿಗೆ ಜಾಗವಿದೆ. ಹೋಗುವುದು ಬಿಡುವುದು ಈ ಸಲ ನಾನು ಹೇಳುವುದಿಲ್ಲ.

ಇಂತಿ, ಬಂಡೆಯ ಮುಂದಿನವ,
ತಿಮ್ಮಣ್ಣ

ತಾ.ಕ.: ಸಂಜೆ ಗಂಗಾವತಿಯಿಂದ, ನಿಮ್ಮ ಕುಷ್ಟಗಿ ಕಡೆಯವರನ್ನೂ ಹೊತ್ತು ಬರುವ ಬಸ್ಸಿಗೂ ಕೈ ಎತ್ತುತ್ತೇನೆ. ಆಗ ಬಂಡೆಯ ಹಿಂದೆ ಯಾರೂ ಇರುವುದಿಲ್ಲ. ನಿನ್ನೆ ಡ್ರೈವರ್ ವೆಂಕೋಬ ಸಿಟ್ಟಾಗಿ, "ಯಾರನ್ನ ಹತ್ತಸ್ತೀಯೋ ಮಾರಾಯ?" ಎಂದ. "ಹತ್ತಸಾಕಲ್ಲೋ, ಇಳಿಯೋರು ಯಾರರ ಅದಾರೇನು ನೋಡು" ಎಂದೆ.